ಒಂಟಿ ಚುಕ್ಕೆ ಮತ್ತು ಜಾನ್ ಪೋಸ್ಟೆಲ್

1996ರಲ್ಲಿ ನಾನು ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಲೆಕ್ಕ ಬರೆಯೋ ಕೆಲಸದಲ್ಲಿದ್ದೆ. ಕೆಳಗೆ ಸೀರೆ, ಜರಿ, ಚೌಕಾಸಿ. ಮೇಲೆ ಒಂದು ಕಂಪ್ಯೂಟರು, ಕಿರುಚುವ ಒಂದು ಮೋಡೆಮ್ಮು. ಅದರ ಹಿಂದಿನ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತ್ತು. ನಮ್ಮ ಸೇಠರು ತಗೊಂಡಿದ್ದು ಅಗ್ಗದ ಶೆಲ್ ಅಕೌಂಟು: ಚಿತ್ರ ಇಲ್ಲ, ಮೌಸ್ ಇಲ್ಲ, ಕಪ್ಪು ಪರದೆ ಮೇಲೆ ಬರೀ ಅಕ್ಷರ.

ಅದರಲ್ಲಿ ಪತ್ರ ಕಳಿಸೋಕೆ ಎರಡು ದಾರಿ ಇತ್ತು. ಒಂದು ಯುನಿಕ್ಸಿನ ಹಳೇ ಮೇಲ್ ಕಮಾಂಡ್. ವಿಳಾಸ ಹೊಡಿ, ವಿಷಯ ಹೊಡಿ, ಬರಿ, ಕೊನೆಗೆ ಒಂದು ಖಾಲಿ ಸಾಲಿನಲ್ಲಿ ಒಂಟಿ ಚುಕ್ಕೆ ಇಟ್ಟು ಎಂಟರ್ ಒತ್ತು, ಹೋಯ್ತು. ಇನ್ನೊಂದು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ ಪೈನ್. ಅದರಲ್ಲಿ ಮೆನು, ವಿಳಾಸ ಪುಸ್ತಕ, ಫೋಲ್ಡರು, ಕಡತ ಲಗತ್ತಿಸೋ ಸೌಲಭ್ಯ, ಎಲ್ಲ ಇತ್ತು. ನಾನು ಮೇಲ್ ಪಕ್ಷದವನು. ಮೆನು ನೋಡಿ ಪತ್ರ ಬರೆಯೋರು ಹೆಡ್ಡರು ಅನ್ನೋ ವಯಸ್ಸಿನ ಜಂಬ.

ಒಂದು ದಿನ ದುಬೈ ವ್ಯಾಪಾರಿಗೆ ರೇಟ್ ಲಿಸ್ಟ್ ಹೊಡೀತಿದ್ದೆ. ಸೀರೆ ಮುಗಿದು ಡ್ರೆಸ್ ಮೆಟೀರಿಯಲ್ ಶುರುವಾಗೋ ಜಾಗದಲ್ಲಿ ಅಂದವಾಗಿರಲಿ ಅಂತ ನಡುವೆ ಒಂದು ಚುಕ್ಕೆ ಇಟ್ಟೆ. ಅರ್ಧ ಪತ್ರ ದುಬೈಗೆ ಹೋಯ್ತು. ಉಳಿದ ಸಾಲುಗಳನ್ನ ಯಂತ್ರ ತನಗೆ ಕೊಟ್ಟ ಆಜ್ಞೆ ಅಂದುಕೊಂಡು, ಒಂದೊಂದಕ್ಕೂ ಇಂಥ ಕಮಾಂಡ್ ಇಲ್ಲ ಅಂತ ಗೊಣಗಿತು. ಈ ಸಲ ಬರೀ ಸೀರೆ ಅಂತ ತಿಳಿದ ಆ ವ್ಯಾಪಾರಿ ಡ್ರೆಸ್ ಮೆಟೀರಿಯಲ್ ಬೇರೆ ಕಡೆ ತಗೊಂಡ. ನಾಳೆಯಿಂದ ಪೈನ್ ಅಂತ ಸೇಠರು ಹೇಳಿಬಿಟ್ಟರು. ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ.

ಒಂದು ಚುಕ್ಕೆಗೆ ಅಷ್ಟು ಅಧಿಕಾರ ಹೇಗೆ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕವನು ಜಾನ್ ಪೋಸ್ಟೆಲ್. ನನ್ನ ಮೇಲ್ ಕಮಾಂಡ್ ಅವನದಲ್ಲ. ಆದರೆ ಅದು ಬರೆದ ಪತ್ರ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವ ನಿಯಮ ಬರೆದವನು ಅವನು, ಅಲ್ಲೂ ಪತ್ರ ಮುಗಿಯುವುದು ಅದೇ ಒಂಟಿ ಚುಕ್ಕೆಗೆ. ಪತ್ರದೊಳಗೇ ಅಂಥ ಚುಕ್ಕೆ ಇದ್ದರೆ ಕಳಿಸುವ ಯಂತ್ರ ಪಕ್ಕಕ್ಕೆ ಇನ್ನೊಂದು ಚುಕ್ಕೆ ಸೇರಿಸಬೇಕು, ಪಡೆಯುವ ಯಂತ್ರ ಅದನ್ನ ತೆಗೆಯಬೇಕು ಅಂತಲೂ ಅವನು ಬರೆದಿಟ್ಟಿದ್ದ. ನನ್ನ ಬೆರಳಿಗೆ ಮಾತ್ರ ಅಂಥ ರಕ್ಷಣೆ ಇರಲಿಲ್ಲ.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ವ್ಯಾನ್ ನೈಸ್ ಹೈಸ್ಕೂಲಿನಲ್ಲಿ ಓದಿದ. ಮುಂದೆ ಇಂಟರ್ನೆಟ್ ಕಟ್ಟಿದವರೆಂದು ಹೆಸರಾದ ವಿಂಟ್ ಸರ್ಫ್, ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು. ಯುಸಿಎಲ್‌ಎಯಲ್ಲಿ ವಿದ್ಯಾರ್ಥಿಯಾಗಿದ್ದಾಗ, 1969ರಲ್ಲಿ, ಅಮೆರಿಕದ ರಕ್ಷಣಾ ಇಲಾಖೆ ದುಡ್ಡು ಕೊಟ್ಟಿದ್ದ ಅರ್ಪಾನೆಟ್ಟಿನ ಮೊದಲ ಕೊಂಡಿ ಅಲ್ಲೇ ಜೋಡಣೆಯಾಯ್ತು. ಕ್ರಾಕರ್ ಆರ್‌ಎಫ್‌ಸಿ ಅನ್ನೋ ಸರಣಿ ಶುರು ಮಾಡಿದ. ಅಂದರೆ ಅಭಿಪ್ರಾಯ ಹೇಳಿ ಅಂತ ಕೋರುವ ಕಾಗದಗಳು. ಆಜ್ಞೆ ಅಂತ ಕರೆಯೋ ಧೈರ್ಯ ಆ ಹುಡುಗರಿಗೆ ಇರಲಿಲ್ಲ. ಆ ಕಾಗದಗಳನ್ನ ತಿದ್ದಿ, ನಂಬರ್ ಕೊಟ್ಟು, ಜೋಡಿಸಿಡೋ ಕೆಲಸ ಪೋಸ್ಟೆಲ್ ಪಾಲಿಗೆ ಬಂತು. ಸಾಯೋವರೆಗೂ ಮಾಡಿದ. ಉದ್ದ ಗಡ್ಡ, ಕಾಲಲ್ಲಿ ಚಪ್ಪಲಿ. ಯಾವ ಯಂತ್ರಕ್ಕೆ ಯಾವ ಸಂಖ್ಯೆ ಅನ್ನೋ ಪಟ್ಟಿಯೂ ಅವನ ಕೈಲೇ ಇತ್ತು. ನಮ್ಮೂರ ಕಡೆ ಶಾನುಭೋಗಿಕೆ ಅಂತೀವಲ್ಲ, ಹಾಗೆ.

1982ರ ಆಗಸ್ಟಿನಲ್ಲಿ ಅವನು ಬರೆದ ಆರ್‌ಎಫ್‌ಸಿ 821 ಎಸ್‌ಎಂಟಿಪಿಯ ನಿಯಮ. ಆ ಹೆಸರಿನ ಮೊದಲಕ್ಷರದ ಅರ್ಥವೇ ಸರಳ. ಒಂದು ಯಂತ್ರ ಇನ್ನೊಂದಕ್ಕೆ ನಮಸ್ಕಾರ ಹೇಳುತ್ತೆ, ಪತ್ರ ಯಾರದ್ದು ಅನ್ನುತ್ತೆ, ಯಾರಿಗೆ ಅನ್ನುತ್ತೆ, ವಿಷಯ ಸುರಿಯುತ್ತೆ, ಚುಕ್ಕೆ. ಮನುಷ್ಯ ಕೂತು ಕೈಯಲ್ಲೇ ಹೊಡೆದು ನಡೆಸಬಹುದಾದ ಮಾತುಕತೆ. ನಾನೂ ಮಾಡಿ ನೋಡಿದೀನಿ.

ಆಗ ಸರಕಾರಗಳು, ಟೆಲಿಫೋನ್ ಕಂಪನಿಗಳು ನಂಬಿದ್ದು ಇದನ್ನಲ್ಲ. ಅವರು 1984ರಲ್ಲಿ ಎಕ್ಸ್.400 ಅನ್ನೋ ಸರ್ವಸಜ್ಜಿತ ವ್ಯವಸ್ಥೆ ತಂದರು. ಪತ್ರ ತಲುಪಿದ್ದಕ್ಕೆ ರಸೀದಿ, ಬಗೆಬಗೆಯ ಒಡಲು, ಎಲ್ಲ ಮೊದಲೇ ಯೋಚಿಸಿದ್ದು. ವಿಳಾಸ ಬರೀಬೇಕಾದರೆ ದೇಶ, ಸೇವೆ ಕೊಡುವ ಆಡಳಿತ, ಸಂಸ್ಥೆ, ಮನೆತನದ ಹೆಸರು ಅಂತ ಒಂದೊಂದೇ ತುಂಬಬೇಕು. ತಾಲ್ಲೂಕು ಕಚೇರಿಯ ಅರ್ಜಿ ಥರ. ವಿಎಸ್‌ಎನ್‌ಎಲ್ ಕೂಡ ಇಂಟರ್ನೆಟ್ಟಿಗಿಂತ ಮೊದಲು ಜೆಮ್ಸ್-400 ಅನ್ನೋ ಅಂಚೆ ನಡೆಸಿದ್ದು ಇದರ ಮೇಲೆ. ಟಾಟಾ ಇನ್‌ಸ್ಟಿಟ್ಯೂಟ್ ಮತ್ತು ಐಐಟಿಗಳನ್ನು ಜೋಡಿಸಲು 1986ರಲ್ಲಿ ಶುರುವಾದ ಅರ್ನೆಟ್ಟಿನಲ್ಲೂ ಎರಡೂ ಮಾರ್ಗದ ಪ್ರಯತ್ನ ನಡೆದು, ಉಳಿದುಕೊಂಡಿದ್ದು ಪೋಸ್ಟೆಲ್ ಬಳಗದ್ದು. ಸರಳ ಗೆದ್ದದ್ದು ಒಳ್ಳೇದಿತ್ತು ಅಂತಲ್ಲ. ಯಾರನ್ನೂ ಕೇಳದೆ ಯಾರು ಬೇಕಾದರೂ ಬರೆದು ಓಡಿಸಬಹುದಿತ್ತು, ಅದಕ್ಕೆ.

ಹಾಗಂತ ಅವನನ್ನ ದೇವರು ಮಾಡೋಕೆ ನಾನು ತಯಾರಿಲ್ಲ. ಆ ಸರಳತೆ ಯಾರ ಪಾಲಿಗೆ ಸರಳ? ಆರ್‌ಎಫ್‌ಸಿ 821 ಒಪ್ಪಿದ್ದು ಏಳು ಬಿಟ್ಟಿನ ಅಕ್ಷರಗಳನ್ನ ಮಾತ್ರ. ಒಟ್ಟು 128 ಗುರುತು, ಅದರಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆ. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಶಿವಾಜಿನಗರದ ಗೆಳೆಯ ಅಮೆರಿಕಕ್ಕೆ ಹೋದ ಮೇಲೆ ನಾವಿಬ್ಬರೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದುಕೊಂಡೆವು. ಳ, ಲ ಎರಡೂ ಒಂದೇ ಆಗಿ, ಹಾಳು ಅನ್ನೋದು ಹಾಲು ಆಗ್ತಿತ್ತು. 1992ರಲ್ಲಿ ಬಂದ ಮೈಮ್ ಅನ್ನೋ ತೇಪೆಯಿಂದ ಬೇರೆ ಲಿಪಿ, ಚಿತ್ರ, ಕಡತ ಎಲ್ಲವನ್ನೂ ಅದೇ ಏಳು ಬಿಟ್ಟಿನೊಳಗೆ ತುರುಕಿ ಕಳಿಸೋಕೆ ಆಯ್ತು. ಅದನ್ನ ಬಿಡಿಸಿ ಓದೋಕೆ ಪೈನಿಗೆ ಬರ್ತಿತ್ತು, ನನ್ನ ಪ್ರೀತಿಯ ಮೇಲ್ ಕಮಾಂಡಿಗೆ ಬರ್ತಿರಲಿಲ್ಲ. ಆ ಜಗಳದಲ್ಲಿ ಸೇಠರೇ ಸರಿ. ವಿಳಾಸದಲ್ಲೇ ಕನ್ನಡ ಬರೆಯೋ ನಿಯಮ ಬಂದಿದ್ದು 2012ರಲ್ಲಿ.

ಇನ್ನೊಂದು ಲೋಪ ನಿಮಗೆ ಗೊತ್ತಿರೋದೇ. ಪತ್ರ ಕಳಿಸ್ತಿರೋದು ನಿಜವಾಗಿ ಅವನೇನಾ ಅಂತ ಎಸ್‌ಎಂಟಿಪಿ ಕೇಳೋದೇ ಇಲ್ಲ. ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದ ಕಾಲದ ನಂಬಿಕೆ ಅದು. ಆಮೇಲೆ ಕಸದ ಪತ್ರ ತುಂಬಿ, ಪರೀಕ್ಷೆ ಮೇಲೆ ಪರೀಕ್ಷೆ ಪೇರಿಸಿ, ಈಗ ಸ್ವಂತ ಮೇಲ್ ಸರ್ವರ್ ಇಟ್ಟವನ ಪತ್ರವನ್ನ ದೊಡ್ಡ ಕಂಪನಿಗಳು ಒಳಗೆ ಬಿಟ್ಟುಕೊಂಡರೆ ಅದೃಷ್ಟ ಅನ್ನೋ ಹಾಗಾಗಿದೆ.

ದೇಶಗಳ ಹೆಸರಿನ ವಿಷಯದಲ್ಲಿ ಮಾತ್ರ ಅವನ ಜಾಣತನ ಮೆಚ್ಚಬೇಕು. ಯಾವುದು ದೇಶ, ಯಾವುದು ಅಲ್ಲ ಅಂತ ತೀರ್ಮಾನಿಸುವುದು ತನ್ನ ಕೆಲಸವಲ್ಲ ಅಂತ 1994ರಲ್ಲಿ ಬರೆದು, ಐಎಸ್‌ಒ 3166 ಪಟ್ಟಿಗೆ ಬೆರಳು ತೋರಿಸಿದ. ಭಾರತದ .ಇನ್ 1989ರಲ್ಲೇ ಬಂದಿತ್ತು. ಪ್ಯಾಲೆಸ್ತೀನಿಗೆ .ಪಿಎಸ್ ಸಿಕ್ಕಿದ್ದು ಆ ಪಟ್ಟಿಯಲ್ಲಿ ಹೆಸರು ಬಂದ ಮೇಲೆ, 2000ದಲ್ಲಿ. ರಾಜಕೀಯ ಅಲ್ಲಿಂದ ಹೋಗಲಿಲ್ಲ, ಪಟ್ಟಿ ಮಾಡೋರ ಮೇಜಿಗೆ ಜರುಗಿತು ಅಷ್ಟೆ.

1995ರಿಂದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಡೊಮೇನ್ ಹೆಸರಿಗೆ ವರ್ಷಕ್ಕೆ 50 ಡಾಲರ್ ವಸೂಲಿ ಶುರು ಮಾಡಿತು. ಹಿಂದೆ ಅದು ಪುಕ್ಕಟೆ. ಹೆಸರುಗಳ ಮೂಲ ಕಡತ ಆ ಕಂಪನಿಯ ಯಂತ್ರದಲ್ಲಿತ್ತು, ಉಳಿದ 12 ರೂಟ್ ಸರ್ವರುಗಳು ಅದನ್ನೇ ನಕಲು ಮಾಡ್ತಿದ್ದವು. 1998ರ ಜನವರಿ 28ರಂದು ಪೋಸ್ಟೆಲ್ ಆ 12ರಲ್ಲಿ 8 ಸರ್ವರುಗಳನ್ನ ನೋಡಿಕೊಳ್ಳೋರಿಗೆ ಒಂದು ಈಮೇಲ್ ಕಳಿಸಿದ: ಇನ್ನು ಮೇಲೆ ನನ್ನ ಯಂತ್ರದಿಂದ ನಕಲು ಮಾಡಿ ಅಂತ. ಅವರು ಮಾಡಿದರು. ಹುದ್ದೆ ಇಲ್ಲ, ಕಾನೂನಿಲ್ಲ, ಬರೀ ಮಾತಿನ ಮೇಲೆ. ಬಳಸೋ ಜನಕ್ಕೆ ಏನೂ ಗೊತ್ತಾಗಲಿಲ್ಲ. ಕ್ಲಿಂಟನ್ ಸಲಹೆಗಾರ ಇರಾ ಮ್ಯಾಗಝೀನರ್ ಫೋನ್ ಮಾಡಿ ಗದರಿಸಿದ ಮೇಲೆ, ಅದೊಂದು ಪರೀಕ್ಷೆ ಅಂತ ಹೇಳಿ ಎಲ್ಲ ಹಿಂದಿನಂತೆ ಮಾಡಿಕೊಟ್ಟ. ಪ್ರತಿಭಟನೆಯೋ ಪರೀಕ್ಷೆಯೋ, ಇವತ್ತಿಗೂ ವಾದ ಇದೆ. ನನ್ನ ಪ್ರಕಾರ ಪ್ರತಿಭಟನೆಯೇ. ಆದರೆ ಒಬ್ಬ ಒಳ್ಳೇ ಮನುಷ್ಯನ ಈಮೇಲಿಗೆ ಇಡೀ ವ್ಯವಸ್ಥೆ ತಿರುಗುತ್ತೆ ಅಂದ್ರೆ, ನಾಳೆ ಆ ಜಾಗದಲ್ಲಿ ಕೆಟ್ಟವನು ಕೂತರೆ ಅನ್ನೋ ಭಯವೂ ನನಗೆ ಬರುತ್ತೆ.

ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಐಕ್ಯಾನ್ ಸಂಸ್ಥೆ ನೋಂದಣಿಯಾಯ್ತು. ಅವನ ಪಟ್ಟಿಗಳೆಲ್ಲ ಅಲ್ಲಿಗೆ ಹೋಗುವುದಿತ್ತು. ಹದಿನಾರು ದಿನ ಕಳೆದು, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಲಾಸ್ ಏಂಜಲೀಸಿನಲ್ಲಿ ಅವನು ತೀರಿಕೊಂಡ. 55 ವರ್ಷ. ನಮಗೆ ಆ ಸುದ್ದಿ ತಲುಪಲಿಲ್ಲ, ತಲುಪಿದ್ದರೂ ಹೆಸರು ಗೊತ್ತಿರಲಿಲ್ಲ. ಇನ್ನು ಮೂರೇ ದಿನಕ್ಕೆ ದೀಪಾವಳಿ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ನಾನು ಮಹಡಿ ಮೇಲೆ ಕೂತು ಪೈನಿನಲ್ಲಿ ದುಬೈಗೆ ರೇಟ್ ಲಿಸ್ಟ್ ಲಗತ್ತಿಸ್ತಿದ್ದೆ.