ಭಗಿನಿ ನಿವೇದಿತಾ: ಬಾಗ್‌ಬಜಾರಿನ ಓಣಿಯಲ್ಲಿ ಮೊದಲ ವರ್ಷ

ಊರು ಬಿಟ್ಟು ಬಂದವರಿಗೆ ಮೊದಲನೆಯ ವರ್ಷ ಎಷ್ಟು ದೀರ್ಘವಾದುದೆಂಬುದನ್ನು ನಮ್ಮ ವಾಚಕರಿಗೆ ತಿಳಿಯಹೇಳಬೇಕಾಗಿಲ್ಲ. ಭಾಷೆ ಬಾರದ ಬೀದಿ, ಹೆಸರು ತಿಳಿಯದ ನೆರೆಹೊರೆ, ಒಗ್ಗದ ನೀರು, ಇವುಗಳ ನಡುವೆ ದಿನಗಳನ್ನೆಣಿಸಿದ ನೆನಪು ನಮ್ಮಲ್ಲಿ ಬಹುಮಂದಿಗೆ ಇದ್ದೇ ಇದೆ. ನಾವಾದರೋ ಹೊಟ್ಟೆಯ ಪಾಡಿಗಾಗಿ ಬಂದವರು. ಅಂತಹ ಯಾವ ನಿರ್ಬಂಧವೂ ಇಲ್ಲದೆ, ಚೆನ್ನಾಗಿ ನಡೆಯುತ್ತಿದ್ದ ಶಾಲೆಯನ್ನೂ ಹೆತ್ತ ತಾಯಿಯನ್ನೂ ಬಿಟ್ಟು, ಹಡಗನ್ನೇರಿ ಕಲ್ಕತ್ತೆಗೆ ಬಂದು, ಇಕ್ಕಟ್ಟಾದ ಓಣಿಯೊಂದರಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಕುಳಿತವರು ಭಗಿನಿ ನಿವೇದಿತಾ. ಅವರ ಗ್ರಂಥಗಳೂ ಭಾಷಣಗಳೂ ಲೋಕಪ್ರಸಿದ್ಧವಾಗಿವೆ. ಆ ಮೊದಲ ವರ್ಷದ ಕಥೆ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲವಾದುದರಿಂದ ಅದನ್ನೇ ಇಲ್ಲಿ ವಿಸ್ತಾರವಾಗಿ ಹೇಳಲು ಬಯಸುತ್ತೇವೆ.

ಐರ್ಲೆಂಡಿನ ಉತ್ತರ ಭಾಗದ ಡಂಗ್ಯಾನನ್ ಎಂಬ ಪಟ್ಟಣದಲ್ಲಿ 1867ರ ಅಕ್ಟೋಬರ್ 28ರಂದು ಜನಿಸಿದ ಈಕೆಗೆ ತಂದೆತಾಯಿಗಳಿಟ್ಟ ಹೆಸರು ಮಾರ್ಗರೆಟ್ ಎಲಿಜಬೆತ್ ನೋಬಲ್. ತಂದೆ ಕ್ರೈಸ್ತ ಧರ್ಮೋಪದೇಶಕರು. ಮಗಳಿಗೆ ಹತ್ತು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ವಿದ್ಯಾಭ್ಯಾಸವನ್ನು ಮುಗಿಸಿದ ಮಾರ್ಗರೆಟ್ 1884ರಲ್ಲಿ, ಹದಿನೇಳು ತುಂಬುವ ವೇಳೆಗೆ, ಇಂಗ್ಲೆಂಡಿನ ಕೆಸ್ವಿಕ್ ಎಂಬಲ್ಲಿ ಉಪಾಧ್ಯಾಯಿನಿಯಾದರು. ಮುಂದೆ ಲಂಡನ್ನಿನ ಬಳಿಯ ವಿಂಬಲ್ಡನ್ನಿನಲ್ಲಿ ಸ್ವಂತ ಶಾಲೆಯನ್ನೇ ತೆರೆದರು. ಪೆಸ್ತಲೋಜಿ, ಫ್ರೋಬೆಲ್ ಎಂಬ ಶಿಕ್ಷಣತಜ್ಞರ ಮಾರ್ಗವನ್ನನುಸರಿಸಿ, ಮಗುವನ್ನು ಆಟದ ಮೂಲಕ ಕಲಿಕೆಗೆ ಕರೆದೊಯ್ಯುವ ಶಾಲೆ ಅದು. ಹೆಸರು ಬಂದಿತು, ಸ್ನೇಹಿತರಿದ್ದರು. ಆದರೆ ಬಾಲ್ಯದಲ್ಲಿ ಕಲಿತ ಮತಶ್ರದ್ಧೆ ಸಡಿಲಗೊಂಡು, ಮನಸ್ಸು ಆಸರೆಯನ್ನು ಹುಡುಕುತ್ತಿತ್ತು. 1895ರ ನವೆಂಬರ್ ತಿಂಗಳಲ್ಲಿ ಲಂಡನ್ನಿನ ಮನೆಯೊಂದರ ಹಜಾರದಲ್ಲಿ ಸ್ವಾಮಿ ವಿವೇಕಾನಂದರ ಮಾತನ್ನು ಕೇಳಿದುದು ಈ ಸ್ಥಿತಿಯಲ್ಲಿ. ಕೇಳಿದೊಡನೆ ಒಪ್ಪಿಕೊಂಡವರಲ್ಲ ಆಕೆ. ಮರಳಿ ಮರಳಿ ಹೋಗಿ, ವಾದಿಸಿ, ಸಂದೇಹಗಳನ್ನು ಮುಂದಿಟ್ಟು, ಬಹುಕಾಲದ ಮೇಲೆ ಶಿಷ್ಯೆಯಾದರು.

ಬರುವ ಮೊದಲು ಸ್ವಾಮೀಜಿ ಪತ್ರ ಬರೆದು ಇಲ್ಲಿಯ ಸೆಕೆ, ಬಡತನ, ಮಡಿಮೈಲಿಗೆ, ಬಿಳಿಯರ ತಿರಸ್ಕಾರ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಆದರೂ 1898ರ ಜನವರಿ 28ರಂದು ಆಕೆ ಕಲ್ಕತ್ತೆಯಲ್ಲಿಳಿದರು. ಆಗ ವಯಸ್ಸು ಮೂವತ್ತು. ಮಾರ್ಚ್ 17ರಂದು ಶ್ರೀಮಾತೆ ಶಾರದಾದೇವಿಯವರ ದರ್ಶನವಾಯಿತು. ಸಂಪ್ರದಾಯಸ್ಥ ಬ್ರಾಹ್ಮಣ ವಿಧವೆಯಾದ ಶ್ರೀಮಾತೆಯವರು ಪರದೇಶದ ಹೆಂಗಸರನ್ನು ಮಕ್ಕಳೆಂದು ಕರೆದು, ಅವರೊಡನೆ ಕುಳಿತು ಆಹಾರ ಸ್ವೀಕರಿಸಿದರು. ಆ ಕಾಲದ ಕಲ್ಕತ್ತೆಯಲ್ಲಿ ಇದೆಂತಹ ಸಾಹಸವೆಂಬುದನ್ನು ಊಹಿಸಿಕೊಳ್ಳಬಹುದು. ಮಾರ್ಚ್ 25ರಂದು ಬೇಲೂರಿನಲ್ಲಿ (ನಮ್ಮ ಹಾಸನದ ಬೇಲೂರಲ್ಲ, ಗಂಗೆಯ ದಡದ್ದು) ಬ್ರಹ್ಮಚರ್ಯ ದೀಕ್ಷೆಯಾಗಿ ನಿವೇದಿತಾ ಎಂಬ ಹೆಸರು ಬಂದಿತು. ಅಲ್ಲಿಂದ ಆಲ್ಮೋರ, ಕಾಶ್ಮೀರ, ಅಮರನಾಥಗಳ ಯಾತ್ರೆ. ಆಲ್ಮೋರದ ದಿನಗಳು ಸುಖದ ದಿನಗಳಾಗಿರಲಿಲ್ಲ. ಶಿಷ್ಯೆಯಲ್ಲಿ ಉಳಿದಿದ್ದ ಆಂಗ್ಲಾಭಿಮಾನವನ್ನು ಗುರುಗಳು ದಾಕ್ಷಿಣ್ಯವಿಲ್ಲದೆ ಖಂಡಿಸಿದರು. ಆಕೆ ಬಹಳ ನೊಂದರು. ಆದರೆ ಹಿಂದಿರುಗಿ ಹೋಗುವ ಮಾತನ್ನೆತ್ತಲಿಲ್ಲ.

ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು, ಕೆಲವು ದಿನ ಶ್ರೀಮಾತೆಯವರ ಮನೆಯಲ್ಲಿದ್ದು, ಬಳಿಕ ಬಾಗ್‌ಬಜಾರಿನ ಬೋಸ್‌ಪಾಡಾ ಲೇನಿನ 16ನೆಯ ನಂಬರಿನ ಮನೆಯನ್ನು ಹಿಡಿದರು. ಮನೆ ದೊರೆತರೂ ಕೆಲಸದವಳು ದೊರೆಯಬೇಡವೆ? ಮ್ಲೇಚ್ಛಳ ಮನೆಗೆ ಯಾರು ಬಂದಾರು? ಕೊನೆಗೆ ಒಬ್ಬ ಮುದುಕಿ ಒಪ್ಪಿಕೊಂಡಳು, ಒಂದು ಕರಾರಿನ ಮೇಲೆ: ಮನೆಯೊಡತಿ ಅಡಿಗೆಮನೆಯೊಳಗೆ ಕಾಲಿಡಬಾರದು, ಒಲೆಯನ್ನೂ ನೀರನ್ನೂ ಮುಟ್ಟಬಾರದು! ಬಾಡಿಗೆ ಕೊಡುವವರೇ ತಮ್ಮ ಒಲೆಯ ಹತ್ತಿರ ಸುಳಿಯಬಾರದೆಂಬ ಈ ಕರಾರಿಗೆ ನಿವೇದಿತಾ ತಲೆಬಾಗಿದರು. ಅಡಿಗೆಮನೆಯ ಮರ್ಯಾದೆಯನ್ನು ಬಲ್ಲ ನಮ್ಮ ಹೋಟೆಲು ಬಂಧುಗಳು ಇದನ್ನೋದಿ ನಗಬಹುದು. ನಮಗೆ ಮಾತ್ರ ಆ ತಲೆಬಾಗುವಿಕೆಯಲ್ಲೇ ಅವರ ಶಾಲೆ ಪ್ರಾರಂಭವಾಯಿತೆಂದು ತೋರುತ್ತದೆ. ಹದಿನಾಲ್ಕು ವರ್ಷ ಪಾಠ ಹೇಳಿದ್ದ ಉಪಾಧ್ಯಾಯಿನಿ, ಕೆಲಸದ ಮುದುಕಿಯಿಂದ ಒಂದನೆಯ ತರಗತಿಯ ಪಾಠ ಹೇಳಿಸಿಕೊಂಡರು.

ಮಕ್ಕಳನ್ನು ಕಳುಹಿಸಿರೆಂದು ಕೇಳಲು ಬಲರಾಮ ಬೋಸರ ಮನೆಯಲ್ಲಿ ಗೃಹಸ್ಥರ ಸಭೆ ಸೇರಿತು. ಎಲ್ಲರೂ ತಲೆದೂಗಿದರು, ಯಾರೂ ಮಗಳನ್ನು ಕಳುಹಿಸುವೆನೆನ್ನಲಿಲ್ಲ. ಸದ್ದಿಲ್ಲದೆ ಬಂದು ಹಿಂದೆ ಕುಳಿತಿದ್ದ ವಿವೇಕಾನಂದರು ಒಬ್ಬೊಬ್ಬರನ್ನೂ ಮೆಲ್ಲನೆ ತಿವಿದು ಎಬ್ಬಿಸತೊಡಗಿದರು. ಅದೂ ಸಾಗದಿರಲು ಮಿತ್ರರೊಬ್ಬರ ಪರವಾಗಿ ತಾವೇ ಮಾತು ಕೊಟ್ಟುಬಿಟ್ಟರು. 1898ರ ನವೆಂಬರ್ 13, ಕಾಳೀಪೂಜೆಯ ದಿನ, ಶ್ರೀಮಾತೆಯವರು ತಾವೇ ಬಂದು ಪೂಜೆ ನೆರವೇರಿಸಿ ಶಾಲೆಯನ್ನು ಹರಸಿದರು. ಶಾಲೆಯ ಮುಂದಿನ ಬಾಳಿಗೆ ಇದಕ್ಕಿಂತ ಮಿಗಿಲಾದ ಶುಭಶಕುನ ಬೇರೆ ಇಲ್ಲವೆಂದು ನಿವೇದಿತಾ ಕಡೆಯವರೆಗೂ ನಂಬಿದ್ದರು.

ಶಾಲೆಯೆಂದರೆ ಬೆಂಚು ಹಲಗೆಗಳಿದ್ದ ಕಟ್ಟಡವಲ್ಲ. ಅಂಗಳವಿದ್ದ ಹಳೆಯ ಮನೆ, ಓಣಿಯ ಹುಡುಗಿಯರು, ಆಗಷ್ಟೆ ಬಂಗಾಳಿಯನ್ನು ಕಲಿಯುತ್ತಿದ್ದ ಉಪಾಧ್ಯಾಯಿನಿ. ಓದುಬರಹದ ಜೊತೆಗೆ ಹೊಲಿಗೆ, ಚಿತ್ರ ಬರೆಯುವುದು, ಜೇಡಿಮಣ್ಣಿನಲ್ಲಿ ಆಕೃತಿ ಮಾಡುವುದು ನಡೆದವು. ವಿಂಬಲ್ಡನ್ನಿನ ವಿಧಾನವನ್ನು ಇಲ್ಲಿ ಹಾಗೆಯೇ ತಂದು ಹೇರಲಾಗದೆಂಬುದು ಬೇಗನೆ ಅರಿವಾಯಿತು. ಮಕ್ಕಳು ಮನೆಯಲ್ಲಿ ಕಂಡ ಪೂಜೆ, ವ್ರತ, ಪುರಾಣಕಥೆಗಳೇ ಪಾಠದ ಅಡಿಗಲ್ಲಾಗಬೇಕೆಂದು ಅವರು ನಿಶ್ಚಯಿಸಿದರು. ಆದರೆ ಹುಡುಗಿಗೆ ಅಕ್ಷರ ಕೂಡಿಸಿ ಓದುವುದು ಬರುವಷ್ಟರಲ್ಲಿ ಮದುವೆ ಗೊತ್ತಾಗುತ್ತಿತ್ತು. ಹಣವಂತೂ ಸದಾ ಕೊರತೆ. ವಂತಿಗೆಯ ಪುಸ್ತಕ ಹಿಡಿದು ರಾತ್ರಿಶಾಲೆಗಳನ್ನು ನಡೆಸಿದ ಮುಂಬಯಿಯ ನಮ್ಮ ಹಿರಿಯರಿಗೆ ಈ ಕೊರತೆಯ ಮುಖ ಚೆನ್ನಾಗಿ ಪರಿಚಿತವಾದದ್ದು.

ಇಷ್ಟರಲ್ಲಿ 1899ರ ಮಾರ್ಚ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಪ್ಲೇಗ್ ಮತ್ತೆ ತಲೆಯೆತ್ತಿತು. ರಾಮಕೃಷ್ಣ ಮಿಷನ್ನಿನ ಪರಿಹಾರ ಸಮಿತಿಗೆ ನಿವೇದಿತಾ ಕಾರ್ಯದರ್ಶಿ, ಸ್ವಾಮಿ ಸದಾನಂದರು ಕೆಲಸದ ಮುಖಂಡರು. ಜನ ಸಾಲದಾದಾಗ ಆಕೆ ತಾವೇ ಪೊರಕೆ ಹಿಡಿದು ಓಣಿ ಗುಡಿಸಲಿಳಿದರು. ಅದನ್ನು ಕಂಡು ನಾಚಿದ ಬೀದಿಯ ತರುಣರು ಕೈಗೂಡಿಸಿದರು. ಡಾಕ್ಟರ್ ರಾಧಾಗೋವಿಂದ ಕರ್ ಎಂಬ ಹೆಸರಾಂತ ವೈದ್ಯರು ತಮ್ಮ ರೋಗಿಯಾಗಿದ್ದ ಮಗುವೊಂದನ್ನು ನೋಡಲು ಗುಡಿಸಲಿಗೆ ಹೋದರು. ಅಪಾಯವಿದೆಯೆಂದು ಅವರು ಮೊದಲೇ ನಿವೇದಿತಾ ಅವರಿಗೆ ಎಚ್ಚರಿಕೆ ಕೊಟ್ಟಿದ್ದರು. ಹೋಗಿ ನೋಡಿದರೆ ಆ ತೇವದ ನೆಲದ ಮೇಲೆ ತಾಯಿಯಿಲ್ಲದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಕುಳಿತಿದ್ದರು. ಹಗಲಿರುಳೂ ಅಲ್ಲಿಯೇ ಇದ್ದು, ಗುಡಿಸಲಿನ ಗೋಡೆಗೆ ಸಣ್ಣ ಏಣಿ ಹಾಕಿಕೊಂಡು ತಾವೇ ಸುಣ್ಣ ಬಳಿದರು. ಮಗು ಉಳಿಯಲಿಲ್ಲ. ಅವರನ್ನೇ ತಾಯಿಯೆಂದು ತಿಳಿದು, ಅವರ ಮಡಿಲಿನಲ್ಲಿಯೇ ಪ್ರಾಣ ಬಿಟ್ಟಿತು.

ಆ ವರ್ಷವೇ ಅವರು ಆಲ್ಬರ್ಟ್ ಹಾಲಿನಲ್ಲಿಯೂ ಕಾಳೀಘಾಟಿನಲ್ಲಿಯೂ ಕಾಳಿಯನ್ನು ಕುರಿತು ಮಾತನಾಡಿದರು. ಸುಖವನ್ನೂ ಮರಣವನ್ನೂ ಒಂದೇ ಕೈಯಿಂದ ಕೊಡುವ ತಾಯಿ ಎಂಬ ಭಾವನೆಯನ್ನು ವಿದ್ಯಾವಂತರು ಕೆಲವರು ಸಭೆಯಲ್ಲಿಯೇ ಆಕ್ಷೇಪಿಸಿದರು. ಪ್ಲೇಗಿನ ಗುಡಿಸಲಿನಲ್ಲಿ ಕುಳಿತೆದ್ದವರಿಗೆ ಅದು ಕೇವಲ ವ್ಯಾಖ್ಯಾನದ ಮಾತಾಗಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಲೌಕಿಕ ದೃಷ್ಟಿಯಿಂದ ನೋಡಿದರೆ ವರ್ಷದ ಕೊನೆ ಸೋಲೇ ಸರಿ. ಕೈ ಬರಿದಾಗಿ ಶಾಲೆಯನ್ನು ಮುಚ್ಚಬೇಕಾಯಿತು. ಅದಕ್ಕಾಗಿ ಹಣ ಕೂಡಿಸಿ ತರಲೆಂದು 1899ರ ಜೂನ್ 20ರಂದು ವಿವೇಕಾನಂದರು ಮತ್ತು ತುರೀಯಾನಂದರೊಡನೆ ಗೋಲ್ಕೊಂಡ ಎಂಬ ಹಡಗನ್ನೇರಿದರು. ಹಡಗು ಮದ್ರಾಸಿಗೆ ಬಂದಾಗ, ಪ್ಲೇಗಿನ ಊರಿನಿಂದ ಬಂದವರೆಂಬ ಕಾರಣದಿಂದ ಸ್ವಾಮೀಜಿಯವರನ್ನು ದಡಕ್ಕಿಳಿಯಗೊಡಲಿಲ್ಲ. ಭಕ್ತರು ದೋಣಿಗಳಲ್ಲಿ ಬಂದು ಕೆಳಗಿನಿಂದಲೇ ನೋಡಿ ಹೋದರು. ಅಮೆರಿಕದ ಊರೂರುಗಳಲ್ಲಿ ನಿವೇದಿತಾ ಭಾಷಣ ಮಾಡಿ, ಬಾಗ್‌ಬಜಾರಿನ ಕೆಲವೇ ಹುಡುಗಿಯರ ಸಲುವಾಗಿ ಅಪರಿಚಿತರ ಮುಂದೆ ಕೈಯೊಡ್ಡಿದರು. ದೊರೆತದ್ದು ಬಯಸಿದುದಕ್ಕಿಂತ ಬಹಳ ಕಡಿಮೆ.

ಆದರೂ 1902ರ ಆದಿಯಲ್ಲಿ ಹಿಂದಿರುಗಿ, ಸರಸ್ವತೀಪೂಜೆಯ ಸಮಯಕ್ಕೆ ಶಾಲೆಯನ್ನು ಮತ್ತೆ ತೆರೆದರು. ಜುಲೈ 4ರಂದು ಗುರುಗಳು ದೇಹ ಬಿಟ್ಟರು. ಅಮೆರಿಕದಿಂದ ಬಂದ ಭಗಿನಿ ಕ್ರಿಸ್ಟೀನರು ಜೊತೆಗೂಡಿದ ಮೇಲೆ ವಿವಾಹಿತೆಯರಿಗೂ ವಿಧವೆಯರಿಗೂ ತರಗತಿಗಳು ಆರಂಭವಾದವು. ಮದುವೆಯಾಗಿ ಶಾಲೆ ಬಿಟ್ಟ ಹುಡುಗಿ ಮತ್ತೆ ಬಂದು ಕುಳಿತುಕೊಳ್ಳಲು ಈಗ ಒಂದು ಚಾಪೆ ಇತ್ತು. ನಿವೇದಿತಾ 1911ರ ಅಕ್ಟೋಬರ್ 13ರಂದು ದಾರ್ಜಿಲಿಂಗಿನಲ್ಲಿ ಕಾಲವಾದರು. ನಲವತ್ತನಾಲ್ಕು ಇನ್ನೂ ತುಂಬಿರಲಿಲ್ಲ. ಅದಕ್ಕೆ ಕೆಲವೇ ದಿನ ಮುಂಚೆ ಉಯಿಲು ಬರೆದು, ಪುಸ್ತಕಗಳ ಆದಾಯವೂ ಸೇರಿದಂತೆ ತಮಗಿದ್ದುದೆಲ್ಲವನ್ನೂ ಈ ದೇಶದ ಹೆಣ್ಣುಮಕ್ಕಳ ವಿದ್ಯೆಗಾಗಿ ಬೇಲೂರು ಮಠಕ್ಕೆ ಒಪ್ಪಿಸಿದ್ದರು. ಶಾಲೆ ಬಾಗ್‌ಬಜಾರಿನಲ್ಲಿ ಇಂದಿಗೂ ನಡೆಯುತ್ತಿದೆ. ಅದಿರುವ ಓಣಿಗೆ ನಿವೇದಿತಾ ಲೇನ್ ಎಂದು ಹೆಸರು.