ಡಬ್ಬಿ ಕೊಳ್ಳುವ ಮುನ್ನ ಕಮಲಾ ಸೋಹೋನಿ ಅವರನ್ನು ನೆನೆಯೋಣ

ಜಮಖಂಡಿ, ಮುಧೋಳದ ಔಷಧಿ ಅಂಗಡಿಗಳಲ್ಲಿ ಈಗ ಎದ್ದು ಕಾಣುವುದು ಗುಳಿಗೆಯಲ್ಲ, ಡಬ್ಬಿ. ಪ್ರೋಟೀನ್ ಪೌಡರು, ಮಲ್ಟಿವಿಟಮಿನ್, ಮಕ್ಕಳು ಎತ್ತರ ಆಗೋದಕ್ಕೊಂದು, ಬಸುರಿಗೊಂದು. ಜಿಮ್ಮಿಗೆ ಹೋಗುವ ಹುಡುಗನಿಗೂ ಡಬ್ಬಿ, ಸುಸ್ತು ಅನ್ನುವ ಅಜ್ಜಿಗೂ ಡಬ್ಬಿ. ಮನೆಯಲ್ಲಿ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದರೂ ಇದು ಬೇಕಾ? ಈ ಪ್ರಶ್ನೆ ಕೇಳುವವರಿಗೆ ಕಮಲಾ ಸೋಹೋನಿ ಅವರ ಬದುಕು ಗೊತ್ತಿರಬೇಕು. ನಮ್ಮ ಊಟದಲ್ಲಿ ಏನಿದೆ, ಏನಿಲ್ಲ ಅಂತ ಅಳೆದು ನೋಡುವುದಕ್ಕೇ ಆಯುಷ್ಯ ಕೊಟ್ಟ ಹೆಣ್ಣುಮಗಳು ಅವರು.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಅಪ್ಪ ನಾರಾಯಣರಾವ್ ಭಾಗವತ್ ಮತ್ತು ಅಪ್ಪನ ಸಹೋದರ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಜೈಲಿಗೂ ಹೋದರು. ಸುಮ್ಮನೆ ತಲೆ ಬಗ್ಗಿಸುವ ಮನೆತನ ಅದಾಗಿರಲಿಲ್ಲ.

1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ, ಅಪ್ಪ ಓದಿದ ಅದೇ ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಅಪ್ಪ, ಚಿಕ್ಕಪ್ಪ ಹೋಗಿ ಕೇಳಿಕೊಂಡರೂ ರಾಮನ್ ಜಗ್ಗಲಿಲ್ಲ. ಕಮಲಾ ನೇರ ಬೆಂಗಳೂರಿಗೆ ಬಂದು ಪಟ್ಟು ಹಿಡಿದರು. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಪರೀಕ್ಷಾರ್ಥ, ಕೆಲಸ ಮೆಚ್ಚಿಗೆಯಾದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ತಡರಾತ್ರಿಯೂ ದುಡಿಯಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಆ ಕೊನೆಯ ಷರತ್ತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಪ್ಪಿಕೊಂಡರು, ಆದರೆ ಆ ಅವಮಾನವನ್ನು ಕೊನೆವರೆಗೂ ಮರೆಯಲಿಲ್ಲ. ಒಂದು ವರ್ಷ ಕಳೆದ ಮೇಲೆ ರಾಮನ್ ಅವರೇ ಮನಸ್ಸು ಬದಲಿಸಿದರು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಬಾಗಿಲು ತೆರೆಯಿತು.

ಅಷ್ಟು ಹೋರಾಡಿ ಒಳಗೆ ಹೋದ ಕಮಲಾ ಕೈಗೆತ್ತಿಕೊಂಡದ್ದು ಏನು ಗೊತ್ತೆ? ಹಾಲು ಮತ್ತು ಬೇಳೆಕಾಳು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಅವುಗಳ ಪ್ರೋಟೀನನ್ನು ಬೇರ್ಪಡಿಸಿ ಅಧ್ಯಯನ ಮಾಡಿದರು. ಮಾಂಸ ಕೊಳ್ಳಲಾಗದವರು, ಮಾಂಸ ತಿನ್ನದವರು ಬದುಕಿರುವುದೇ ಕಾಳಿನ ಮೇಲೆ, ಅದರಲ್ಲಿ ಏನಿದೆ ಅಂತ ತಿಳಿಯಬೇಕಿತ್ತು. ಅಲ್ಲಿಂದ ಕೇಂಬ್ರಿಜ್. ವಿಟಮಿನ್ನುಗಳ ಸಂಶೋಧನೆಗೆ ನೊಬೆಲ್ ಪಡೆದ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗ ಅದು. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ, ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆ ಎಂದು ತೋರಿಸಿದರು. 1939ರಲ್ಲಿ ಪಿಎಚ್‌ಡಿ. ಪ್ರಬಂಧ ಬರೀ 40 ಪುಟ!

ವಿದೇಶದಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಪಾಠ ಹೇಳಿದರು, ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯದಲ್ಲಿ ವಿಟಮಿನ್ನುಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೋಹೋನಿ ಅವರನ್ನು ಮದುವೆಯಾಗಿ ಮುಂಬೈ ಸೇರಿದರು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಅಧ್ಯಾಪಕಿಯಾದರು, ತಡವಾಗಿಯಾದರೂ ಅದರ ನಿರ್ದೇಶಕಿಯೂ ಆದರು. 1956ರವರೆಗೆ ನಮ್ಮ ಜಮಖಂಡಿ, ಮುಧೋಳವೂ ಮುಂಬೈ ರಾಜ್ಯದಲ್ಲೇ ಇದ್ದವು ಅನ್ನೋದನ್ನು ಇಲ್ಲಿ ನೆನಪಿಸಬೇಕು. ಆಗ ನಮ್ಮ ರಾಜಧಾನಿಯಲ್ಲಿ ಕೂತು ಅವರು ಅಳೆಯುತ್ತಿದ್ದದ್ದು ನಮ್ಮ ತಾಟಿನ ಊಟವನ್ನೇ.

ಅಳೆದಾಗ ಸಿಕ್ಕಿದ್ದೆಲ್ಲ ಹೊಗಳಿಕೆಯ ಮಾತಲ್ಲ. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅವರೆಕಾಳಿನಲ್ಲಿದೆ ಎಂದು ಕಮಲಾ ಮತ್ತು ಅವರ ವಿದ್ಯಾರ್ಥಿಗಳು 1950ರ ದಶಕದಲ್ಲಿ ಪತ್ತೆ ಹಚ್ಚಿದರು. ಚೆನ್ನಾಗಿ ಬೇಯಿಸಿದರೆ ಇಂಥ ಅಂಶದ ಬಲ ಬಹುಪಾಲು ಕುಂದುತ್ತದೆ. ನೆನೆಸಿ, ಕುದಿಸಿ ಉಣ್ಣುವ ನಮ್ಮ ಅವ್ವಂದಿರ ರೂಢಿಗೆ ವಿಜ್ಞಾನದ ಆಧಾರ ಸಿಕ್ಕಿದ್ದು ಹೀಗೆ. ಊಟ ಹಳೆಯದು ಎಂದು ಅವರು ಕೈಮುಗಿಯಲೂ ಇಲ್ಲ, ಹಳೆಯದು ಎಂದು ಬಿಸಾಕಲೂ ಇಲ್ಲ.

ಅವರಿಗೆ ಹೆಸರು ತಂದದ್ದು ನೀರಾ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇರೆಗೆ ತಾಳೆಮರದ ಈ ಸಿಹಿ ರಸವನ್ನು ಪರೀಕ್ಷೆಗೆ ಎತ್ತಿಕೊಂಡರು. ಅದರಲ್ಲಿ ಎ ಮತ್ತು ಸಿ ವಿಟಮಿನ್, ಕಬ್ಬಿಣದ ಅಂಶ ಇರುವುದನ್ನೂ, ತಾಳೆಬೆಲ್ಲ ಮಾಡಿದ ಮೇಲೂ ಅವು ಉಳಿಯುವುದನ್ನೂ ಕಂಡುಕೊಂಡರು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಆದಿವಾಸಿ ಮಕ್ಕಳು, ಬಸುರಿಯರ ಊಟದ ಜೊತೆ ನೀರಾ ಕೊಟ್ಟಾಗ ಆರೋಗ್ಯ ಸುಧಾರಿಸಿತು. ಇದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಮಲಾ ಪೂರಕ ಆಹಾರದ ವಿರೋಧಿಯಲ್ಲ, ನೀರಾ ಕೊಟ್ಟಿದ್ದು ಪೂರಕವಾಗಿಯೇ. ಆದರೆ ಕೊಟ್ಟಿದ್ದು ಕೊರತೆ ಇದ್ದವರಿಗೆ, ಒಳಗೇನಿದೆ ಎಂದು ಅಳೆದ ಮೇಲೆ. ಅವರ ತಾಳೆಬೆಲ್ಲದ ಫಲಿತಾಂಶ ಹಿಡಿದು ನಮ್ಮ ಮಹಾಲಿಂಗಪುರದ ಕಬ್ಬಿನ ಬೆಲ್ಲ ತಿಂದರೂ ರಕ್ತ ಏರುತ್ತೆ ಅಂದರೆ ಅದು ಅವರ ದಾರಿಯಲ್ಲ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಅದು ಅಪಾಯ.

ಕೊರತೆ ನಿಜವಾಗಿದ್ದಾಗ ಗುಳಿಗೆ ಬೇಕೇ ಬೇಕು. ಬಸುರಿಯರಿಗೆ ಸರ್ಕಾರ ಪುಕ್ಕಟೆ ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಬಸುರಿದ್ದಾಗ 180 ದಿನ, ಹೆರಿಗೆಯಾದ ಮೇಲೆ 180 ದಿನ ನುಂಗಬೇಕು. ಮಾಂಸ, ಮೊಟ್ಟೆ ಮುಟ್ಟದ, ಹಾಲು ಮೊಸರನ್ನೂ ಅಷ್ಟಕ್ಕಷ್ಟೇ ಉಣ್ಣುವ ಮನೆಯಲ್ಲಿ ಬಿ12 ಕೊರತೆಯಾಗಬಹುದು. ಯಾಕಂದರೆ ಕಾಳು, ಸೊಪ್ಪಿನಲ್ಲಿ ಅದು ಸಿಗುವುದಿಲ್ಲ. ರಬಕವಿ-ಬನಹಟ್ಟಿಯಲ್ಲಿ ಬೆಳಗಿನಿಂದ ಸಂಜೆತನಕ ಮಗ್ಗದ ಮನೆಯೊಳಗೇ ದುಡಿಯುವವರಿಗೆ ಬಿಸಿಲು ಸಿಗದೆ ಡಿ ವಿಟಮಿನ್ ಕಡಿಮೆಯಾಗಬಹುದು. ಇವರೆಲ್ಲ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ ತಗೋಬೇಕು. ಎ, ಡಿ ವಿಟಮಿನ್ನುಗಳು ಹೆಚ್ಚಾದರೆ ಮೈಯಲ್ಲೇ ಉಳಿದು ತೊಂದರೆ ಕೊಡುತ್ತವೆ.

ಉಳಿದವರಿಗೆ? 100 ಗ್ರಾಂ ಬೇಳೆಕಾಳಿನಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಇದೆ, ಶೇಂಗಾದಲ್ಲೂ ಸುಮಾರು 25. ಜೋಳದ ಪ್ರೋಟೀನಿನಲ್ಲಿ ಕಡಿಮೆ ಇರುವುದನ್ನು ಕಾಳು ತುಂಬಿಕೊಡುತ್ತದೆ. ಕಮಲಾ ದುಡಿದಿದ್ದ ಕೂನೂರಿನ ಪ್ರಯೋಗಾಲಯವೇ ಈಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಮೈ ಬೆಳೆಸಲು ಪ್ರೋಟೀನ್ ಪೌಡರು ಬೇಡ ಎಂದು 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿದ್ದು ಇದೇ ಸಂಸ್ಥೆ.

ನಿವೃತ್ತಿಯಾದ ಮೇಲೂ ಕಮಲಾ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬೈನಲ್ಲಿ ಹೆಣ್ಣುಮಕ್ಕಳೇ ಕಟ್ಟಿದ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದರು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಅದರ ಪತ್ರಿಕೆ ಕೀಮತ್‌ನಲ್ಲಿ ಗ್ರಾಹಕರಿಗೆ ತಿಳಿವಳಿಕೆ ಕೊಡುವ ಲೇಖನಗಳನ್ನು ಬರೆದರು. 1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ಸನ್ಮಾನಿಸುವಾಗಲೇ ಕುಸಿದುಬಿದ್ದರು, ಸ್ವಲ್ಪೇ ದಿನದಲ್ಲಿ ತೀರಿಕೊಂಡರು.

ಹೊಟ್ಟೆ ತೊಳಸುತ್ತದೆ ಅಂತ ಪುಕ್ಕಟೆ ಸಿಕ್ಕ ಕಬ್ಬಿಣದ ಗುಳಿಗೆಯನ್ನು ಮೂಲೆಗಿಟ್ಟು, ಸಾಲ ಮಾಡಿ ಬಣ್ಣದ ಡಬ್ಬಿ ತರುವ ಮನೆಗಳು ಬೀಳಗಿಯ ಹಳ್ಳಿಯಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಬೇಕಾದ್ದನ್ನು ಬಿಟ್ಟು ಬೇಡದ್ದನ್ನು ಕೊಳ್ಳುವುದು ಅಂದರೆ ಇದೇ. ಗುಳಿಗೆ ತೊಂದರೆ ಕೊಟ್ಟರೆ ಆಶಾ ಕಾರ್ಯಕರ್ತೆಗೆ, ಡಾಕ್ಟರಿಗೆ ಹೇಳಿ, ಬಿಡಬೇಡಿ. ಡಬ್ಬಿಯ ಮೇಲೆ ಔಷಧಿಯಾಗಿ ಬಳಸಲು ಅಲ್ಲ ಎಂದು ಕಾನೂನಿನ ಪ್ರಕಾರ ಬರೆದಿರುತ್ತದೆ, ಒಮ್ಮೆ ತಿರುಗಿಸಿ ಓದಿ. ಆಮೇಲೆ ಅದೇ ದುಡ್ಡಿಗೆ ಎಷ್ಟು ಕಿಲೋ ಕಾಳು, ಶೇಂಗಾ ಬರುತ್ತದೆ ಅಂತ ಲೆಕ್ಕ ಹಾಕಿ.