ಯಲ್ಲಾಪ್ರಗಡ ಸುಬ್ಬರಾವ್: ಗರ್ಭಿಣಿಗೆ ಸಂದದ್ದು, ಸಲ್ಲದ್ದು

ಗೋವಾದ ಜುವಾರಿನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರ ಕೊಡುವ ಕೆಂಪು ಗುಳಿಗೆಯಲ್ಲಿ ಕಬ್ಬಿಣಾಂಶದೊಡನೆ ಫೋಲಿಕ್ ಆಮ್ಲವಿದೆ. ಆ ಆಮ್ಲವನ್ನು ಕೃತಕವಾಗಿ ತಯಾರಿಸಿದ ತಂಡದ ನಾಯಕರು ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಜನಿಸಿದ ಅವರು ಸಂಗ್ರಹಣಿ ರೋಗಕ್ಕೆ ಇಬ್ಬರು ಸೋದರರನ್ನು ಕಳೆದುಕೊಂಡರು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿಯ ನಿಲುವಂಗಿ ತೊಟ್ಟದ್ದು ಆಂಗ್ಲ ಪ್ರಾಧ್ಯಾಪಕರ ಕೋಪಕ್ಕೆ ಕಾರಣವಾಗಿ, ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ ದೊರೆಯಿತು. 1923ರಲ್ಲಿ ಬಾಸ್ಟನ್ನಿಗೆ ತೆರಳಿದರು. ಊರಿನಲ್ಲಿ ಉಳಿದ ಪತ್ನಿ ಶೇಷಗಿರಿ ಪತಿಯನ್ನು ಮತ್ತೆ ಕಾಣಲಿಲ್ಲ. ಅಲ್ಲಿ ರಾತ್ರಿಯ ಹೊತ್ತು ಆಸ್ಪತ್ರೆಯಲ್ಲಿ ಮಲಮೂತ್ರದ ಪಾತ್ರೆಗಳನ್ನು ತೊಳೆದು ಹೊಟ್ಟೆ ಹೊರೆದ ಈ ವೈದ್ಯರು, 1925ರಲ್ಲಿ ಫಿಸ್ಕೆಯವರೊಡನೆ ರಂಜಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿದರು.

ಅದಕ್ಕೂ ಹಿಂದೆಯೇ ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದ ಲೂಸಿ ವಿಲ್ಸ್, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ತೋರಿಸಿದ್ದರು. ಆ ಸಾರದೊಳಗಿನ ಸತ್ವವೇ ಫೋಲಿಕ್ ಆಮ್ಲ. 1945ರಲ್ಲಿ ಸುಬ್ಬರಾವ್ ಅವರ ತಂಡ ಅದನ್ನು ರೂಪಿಸಿತು. ಸೋದರರನ್ನು ನುಂಗಿದ ಸಂಗ್ರಹಣಿಗೂ ಅದು ಮದ್ದಾಯಿತು. ಅವರ ಮೇಲ್ವಿಚಾರಣೆಯಲ್ಲಿಯೇ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೊಮೈಸಿನ್ ಎಂಬ ಹೊಂಬಣ್ಣದ ಪ್ರತಿಜೈವಿಕವನ್ನು ಪಡೆದರು. ಟೆಟ್ರಾಸೈಕ್ಲಿನ್ ಕುಲದ ಮೊದಲನೆಯದು ಅದು. 1948ರಲ್ಲಿ ಅದು ಬೆಳಕಿಗೆ ಬಂತು. ಅದೇ ವರ್ಷದ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿಧನರಾದರು.

ಆ ಔಷಧಕುಲದ ಮುಂದಿನ ಕತೆ ಅವರಿಗೆ ತಿಳಿಯಲಿಲ್ಲ. ಬಸಿರಿನಲ್ಲಿ ಮೂತ್ರನಾಳಗಳು ಸಡಿಲಗೊಂಡು, ಗರ್ಭಕೋಶದ ಒತ್ತಡಕ್ಕೆ ಮೂತ್ರ ತಂಗುವುದರಿಂದ ಸೋಂಕು ಮೂತ್ರಪಿಂಡಕ್ಕೆ ಏರುವುದು ಸುಲಭ. ಅವಧಿಗೆ ಮುನ್ನ ಹೆರಿಗೆಯಾಗುವ ಭಯವೂ ಉಂಟು. ಆದರೆ ಟೆಟ್ರಾಸೈಕ್ಲಿನ್ ಶಿಶುವಿನ ಹಲ್ಲಿಗೂ ಎಲುಬಿಗೂ ಹಾನಿ ಮಾಡುವುದರಿಂದ ಗರ್ಭಿಣಿಗೆ ಸಲ್ಲದು. ಅಲ್ಲದೆ, ಈ ಸೋಂಕಿಗೆ ಬಹುಪಾಲು ಕಾರಣವಾದ ಇ. ಕೋಲಿಯ ಹಲವು ತಳಿಗಳು ಆ ಔಷಧವನ್ನು ತಮ್ಮ ಒಡಲಿನಿಂದ ಹೊರದಬ್ಬಲು ಕಲಿತಿವೆ. ಟ್ರೈಮೆಥೊಪ್ರಿಮ್ ಎಂಬ ಇನ್ನೊಂದು ಮದ್ದಿನದು ವಿಚಿತ್ರ ಸ್ಥಿತಿ: ಅದು ರೋಗಾಣುವನ್ನು ಕೊಲ್ಲುವುದು ಫೋಲಿಕ್ ಆಮ್ಲದ ಬಳಕೆಯನ್ನು ತಡೆದೇ, ಆದ್ದರಿಂದ ಬಸಿರಿನ ಮೊದಲ ತಿಂಗಳುಗಳಲ್ಲಿ ಅದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಅದನ್ನೂ ಮೀರಿದ ತಳಿಗಳಿವೆ. ಸೋಂಕು ಮೊಂಡಾದಷ್ಟೂ ಗರ್ಭಿಣಿಯ ಪಾಲಿಗೆ ಉಳಿಯುವ ಔಷಧಗಳು ಬೆರಳೆಣಿಕೆಗೆ ಇಳಿಯುತ್ತವೆ. ಮೂತ್ರದ ಮಾದರಿಯಲ್ಲಿ ರೋಗಾಣುವನ್ನು ಬೆಳೆಸಿ, ಅದು ಯಾವುದಕ್ಕೆ ಮಣಿಯುವುದೆಂದು ನೋಡಬೇಕಾಗುತ್ತದೆ. ಆ ವರದಿಗಾಗಿ ಕಾಯುವ ದಿನಗಳಲ್ಲಿಯೂ ಕೆಂಪು ಗುಳಿಗೆ ಮಾತ್ರ ನಿಲ್ಲುವುದಿಲ್ಲ.